ಉಣ್ಣೆ

ನಮ್ಮ ಕಡೆ ಈ ಮಾತಿಗೆ ಎರಡು ಮೈ.
ಕುರಿಯ ಬೆನ್ನಿಂದ ಕತ್ತರಿ ಇಳಿಸುವುದೂ ಉಣ್ಣೆ,
ಅದರ ಕಿವಿಯೊಳಗೆ ಕಚ್ಚಿ ಕೂತು
ತೊಗರಿಕಾಳಿನಷ್ಟು ಉಬ್ಬುವುದೂ ಉಣ್ಣೆ.
ಒಂದನ್ನು ತೂಗಿ ಮಾರುತ್ತೇವೆ,
ಇನ್ನೊಂದನ್ನು ಉಗುರಲ್ಲೇ ಕಿತ್ತು
ಒಲೆಗೆಸೆಯುತ್ತೇವೆ. ಚಟ್ ಅನ್ನುತ್ತೆ.
ಮಕ್ಕಳು ನಗುತ್ತವೆ.
ಕೈ ತೊಳೆಯುವುದು ಊಟದ ಹೊತ್ತಿಗೆ.

ಆ ಸಲ ಬುಕ್ಕಾಪಟ್ಟಣದ ಕಾವಲಿನಂಚಿಗೆ
ಮಂದೆ ಬಿಟ್ಟಿದ್ದೆವು.
ನೂರಾ ಹನ್ನೊಂದು ಕುರಿಗೆ ಕತ್ತರಿ ಹಾಕಿ ಮುಗಿಸಿದ
ಒಂಬತ್ತನೇ ದಿನ
ನನ್ನ ವಾರಗಿತ್ತಿ ಈರಬಡಕ್ಕ
ಕದಿರು ಕೈಬಿಟ್ಟು ಗೋಡೆಗೆ ಒರಗಿದಳು.
ತಲೆ ಸೀಳ್ತದೆ ಕಣೆ, ಅಂದಳು.
ಮುಟ್ಟಿದರೆ ಕಾದ ಹಂಚು.
ಮುದ್ದೆ ತಂದು ಮುಂದಿಟ್ಟೆ.
"ಉಣ್ಣೆ" ಅಂದಳು.

ಒಲ್ಲೆ ಅಂತ. ಅವಳ ತವರಿನವರು ಹಾಗೇ ಅನ್ನುವುದು.
ನಾನೂ ಹಾಗೇ ತಿಳಿದೆ.
ಎರಡಲ್ಲ, ಮೂರು ಮೈ ಆ ಮಾತಿಗೆ,
ಅವತ್ತು ಲೆಕ್ಕ ತಪ್ಪಿದವಳು ನಾನು.

ಬಸ್‌ಸ್ಟ್ಯಾಂಡ್ ಹಿಂದಿನ ಡಾಕ್ಟರು
ಬಿಸಿಲ ತಾಪ ಅಂದು ಸೂಜಿ ಚುಚ್ಚಿದರು, ಇನ್ನೂರು ರೂಪಾಯಿ.
ಬೆಳಗಿಗೆ ಇಳಿದ ಜ್ವರ
ಸಂಜೆ ಕುರಿಯ ಜೊತೆಗೇ ಮನೆಗೆ ಬಂತು.
ಐದನೇ ದಿನ ಮೈಮೇಲೆ ಕೆಂಪು ಚುಕ್ಕಿ.
ಹಿರಿಯ ಮೈಲಾರಪ್ಪ ಬಾಗಿಲಲ್ಲೇ ನಿಂತು
"ಅಮ್ಮ ಬಂದವಳೆ. ಬೇವು ಸಿಗಿಸು,
ಆಸ್ಪತ್ರೆ ಗೀಸ್ಪತ್ರೆ ಅನ್ನಬೇಡ" ಅಂದ.
ಬೇವು ಸಿಗಿಸಿದೆ. ಸುಳ್ಳೇಕೆ?
ಆದರೆ ರಾತ್ರಿ ಕಾಲು ಒತ್ತುವಾಗ ಕಂಡೆ:
ಅಂಗಾಲಲ್ಲಿ ಚುಕ್ಕಿ, ಅಂಗೈಯಲ್ಲಿ ಚುಕ್ಕಿ.
ಮೂರು ಮಕ್ಕಳ ಮೈಮೇಲೆ ಅಮ್ಮನನ್ನು ಕಂಡವಳು ನಾನು,
ಅವಳು ಮುಖದಿಂದ ಇಳಿಯುವವಳು.
ಇದು ಅಂಗಾಲಿಂದ ಏರುತ್ತಿತ್ತು.

ಕಡಲೆಕಾಯಿ ಮೂಟೆ ಹೊತ್ತ ಲಗೇಜ್ ಆಟೋ,
ಮೂಟೆಗಳ ನಡುವೆ ಅವಳು, ಅವಳ ತಲೆ ನನ್ನ ತೊಡೆ,
ಸಿರಾದವರೆಗೂ ಒಂದೇ ಸಮ ನಡುಕ.

ಎಷ್ಟು ದಿನದಿಂದ ಅಂತ ಎಲ್ಲರೂ ಕೇಳಿದ್ದರು.
ಸರ್ಕಾರಿ ಆಸ್ಪತ್ರೆಯ ಆ ಚಿಕ್ಕ ಹುಡುಗಿ ಡಾಕ್ಟರು
ಏನು ಕೆಲಸ ಮಾಡ್ತೀರಿ ಅಂತ ಕೇಳಿದಳು.
"ಉಣ್ಣೆ"
"ಕಚ್ಚಿತ್ತಾ?"
"ಅದ್ಯಾಕವ್ವ ಕಚ್ಚುತ್ತೆ, ಚುಚ್ಚುತ್ತೆ"
ಅಷ್ಟು ಜ್ವರದಲ್ಲೂ ಈರಬಡಕ್ಕನ ತುಟಿ ನಗುವಿಗೆ ಎಳೆಯಿತು.
ಡಾಕ್ಟರು ನಗಲಿಲ್ಲ. ಪರದೆ ಎಳೆದಳು.
ಕಿವಿ ಹಿಂದೆ, ಕಂಕುಳು, ಮೊಣಕಾಲ ಮಡಿಕೆ,
ಕೊನೆಗೆ ಸೊಂಟದಲ್ಲಿ, ಲಂಗದ ಲಾಡಿ ಬಿಗಿಯುವ ಜಾಗದಲ್ಲಿ,
ಬೀಡಿ ಒತ್ತಿ ಆರಿಸಿದಂಥ ಕಪ್ಪು ಹಕ್ಕಳೆ,
ಸುತ್ತ ಕೆಂಪು.
ನೋಯಲಿಲ್ಲ, ತುರಿಸಲಿಲ್ಲ,
ದಿನಾ ಅದರ ಮೇಲೇ ಗಂಟು ಬಿಗಿದಿದ್ದಾಳೆ.

ರಕ್ತ ತೆಗೆದರು. ರಿಪೋರ್ಟಿಗೆ ಕಾಯಲಿಲ್ಲ,
ಆ ರಾತ್ರಿಯೇ ಮಾತ್ರೆ ಶುರು.
"ನಾಳೆ ನಾಳಿದ್ದು ಅಂದಿದ್ದರೆ..." ಅಂದ ನರ್ಸಮ್ಮ
ಮಾತು ಮುಗಿಸದೆ ಪಕ್ಕದ ಮಂಚಕ್ಕೆ ಹೋದಳು.
ನಾನೂ ಮುಗಿಸಿಕೊಳ್ಳಲಿಲ್ಲ.

ಎರಡನೇ ರಾತ್ರಿ ಮೈಯೆಲ್ಲ ಬೆವರಿ ಬಟ್ಟೆ ಒದ್ದೆ.
ಬೆಳಿಗ್ಗೆ ಪಾತ್ರೆ ತೊಳೆದು ಬಂದೆ,
ಗಂಜಿ ಲೋಟ ಖಾಲಿ.
"ಉಂಡೆ" ಅಂದಳು.
ಮನೆಯಲ್ಲಿ ಅರ್ಧಕ್ಕೆ ಬಿಟ್ಟ ನೂಲಿನ ಉಂಡೆ ನೆನಪಾಗಿ
ನನಗೆ ಅಳು ಬಂತು, ಯಾಕೋ ಅದಕ್ಕೇ ಬಂತು.

ಈಗ ಕತ್ತರಿಯ ಮೊಳೆಗೆ ಒಂದು ಚಿಮಟ ನೇತಾಡುತ್ತೆ.
ಚರ್ಮಕ್ಕೆ ತಾಗಿಸಿ ಹಿಡಿ, ನೆಟ್ಟಗೆ ಎಳಿ, ತಿರುವಬೇಡ.
ಸೀಮೆಎಣ್ಣೆ ಇಲ್ಲ, ಬೀಡಿ ಕೆಂಡ ಇಲ್ಲ, ಉಗುರಂತೂ ಇಲ್ಲ.
ಸೋಪು ಹಾಕಿ ತೊಳಿ.
ಆಮೇಲೆ ಕ್ಯಾಲೆಂಡರಿನಲ್ಲಿ ಆ ದಿನಕ್ಕೊಂದು ಚುಕ್ಕಿ,
ಎರಡು ವಾರ ಮೈಮೇಲೆ ಕಣ್ಣು.
ಜ್ವರ ಬಂದರೆ ಡಾಕ್ಟರು ಕೇಳುವ ಮೊದಲೇ ಹೇಳು.
ಬಿಡಿಸಿ ಹೇಳು, ಯಾವ ಉಣ್ಣೆ ಅಂತ.

ಮೊನ್ನೆ ಕತ್ತಲಾದ ಮೇಲೆ ಮೈಲಾರಪ್ಪ ಬಂದ.
ಅದೂ ಇದೂ ಮಾತಾಡಿದ. ಎಲೆ ಅಡಿಕೆ ಕೇಳಿದ.
ಎದ್ದು ಹೊರಟವನು ನಿಂತ,
ಪಂಚೆ ತುಸು ಎತ್ತಿ, ಬೆನ್ನು ತಿರುಗಿಸಿ,
"ಏನೋ ಅಂಟಿಕೊಂಡದೆ, ನೋಡವ್ವ" ಅಂದ.

ಅಮಾವಾಸ್ಯೆಯ ಪಕ್ಕದ ಮನೆಯಲ್ಲಿ
ಅವನ ಚುಕ್ಕಿ ಇದೆ.
ಇವತ್ತಿಗೆ ಆರು ದಿನ.